ಮಾನಸಿಕ ಆರೋಗ್ಯದ ತೊಂದರೆಯುಳ್ಳ ಶಾಲಾ ಮಕ್ಕಳಿಗೆ ದೊರೆಯುವ ನೆರವು: ಪೋಷಕರಿಗೆ ಮಾಹಿತಿ

ಶಾಲೆಯಲ್ಲಿ ಓದುತ್ತಿರುವ ಮಗುವಿಗೆ ಮಾನಸಿಕ ಆರೋಗ್ಯದ ತೊಂದರೆ ಇದೆಯೆಂದು ತಿಳಿದುಬಂದಾಗ ಅನೇಕ ಪೋಷಕರು ಮೊದಲು ವಿಚಾರಿಸುವುದು ಪ್ರಮಾಣಪತ್ರದ ಬಗ್ಗೆ. ಪ್ರಮಾಣಪತ್ರ ಕೈಸೇರುವವರೆಗೆ ಶಾಲೆಯನ್ನು ಏನನ್ನೂ ಕೇಳುವಂತಿಲ್ಲವೆಂಬ ಭಾವನೆ ಸರಿಯಲ್ಲ. ತರಗತಿಯ ದೈನಂದಿನ ನೆರವಿಗೆ ಪ್ರಮಾಣಪತ್ರ ಬೇಕಿರುವುದಿಲ್ಲ. ಕೆಲವು ನಿರ್ದಿಷ್ಟ ಸೌಲಭ್ಯಗಳಿಗೆ ಮಾತ್ರ ಅದು ಅವಶ್ಯಕ. ಈ ವ್ಯತ್ಯಾಸವನ್ನು ಪೋಷಕರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

ಪ್ರಮಾಣಪತ್ರವಿಲ್ಲದೆ ಪಡೆಯಬಹುದಾದ ನೆರವು

ಶಾಲೆಗೆ ಹೊರಡುವ ವೇಳೆಗೆ ಪದೇ ಪದೇ ಹೊಟ್ಟೆನೋವು, ನಿದ್ರೆ ಕೆಡುವುದು, ಊಟ ತಗ್ಗುವುದು, ಗೆಳೆಯರಿಂದ ದೂರವಾಗುವುದು, ಅಂಕಗಳು ಏಕಾಏಕಿ ಇಳಿಯುವುದು, ವಿನಾಕಾರಣ ಸಿಟ್ಟು: ಇವು ಎರಡು ವಾರಗಳಿಗೂ ಮೀರಿ ಮುಂದುವರಿದಲ್ಲಿ ಮಗುವಿನ ಸೋಮಾರಿತನವೆಂದು ತಳ್ಳಿಹಾಕದೆ ತರಗತಿ ಶಿಕ್ಷಕರನ್ನು ಕಾಣುವುದು ಸೂಕ್ತ. ಭೇಟಿಯ ವೇಳೆ 'ಮಗುವನ್ನು ಸ್ವಲ್ಪ ನೋಡಿಕೊಳ್ಳಿ' ಎಂದಷ್ಟೇ ಹೇಳಿ ಬರುವುದರಿಂದ ಹೆಚ್ಚಿನ ಪ್ರಯೋಜನವಾಗದು. ಆತಂಕ ಹೆಚ್ಚಾದಾಗ ಐದು ನಿಮಿಷ ಹೊರಗೆ ಕುಳಿತು ಬರಲು ಅನುಮತಿ, ಎಲ್ಲರೆದುರು ನಿಂತು ಓದುವುದರಿಂದ ಕೆಲವು ಕಾಲ ವಿನಾಯಿತಿ, ಗೈರುಹಾಜರಾದ ದಿನಗಳ ಪಾಠವನ್ನು ಕಂತುಗಳಲ್ಲಿ ಪೂರೈಸಲು ಅವಕಾಶ, ಮಗುವು ನಂಬಿ ಮಾತನಾಡಬಹುದಾದ ಒಬ್ಬ ಶಿಕ್ಷಕರ ಹೆಸರು, ಹೀಗೆ ಬೇಕಾದುದನ್ನು ಸ್ಪಷ್ಟವಾಗಿ ಕೇಳಬೇಕು. ಒಪ್ಪಿಕೊಂಡ ಅಂಶಗಳನ್ನು ಒಂದು ಹಾಳೆಯಲ್ಲಿ ಬರೆದು ಮುಖ್ಯ ಶಿಕ್ಷಕರಿಗೆ ನೀಡಿ, ಸ್ವೀಕೃತಿ ಪಡೆದಿಟ್ಟುಕೊಳ್ಳುವುದು ಒಳಿತು. ಮುಂದಿನ ವರ್ಷ ಶಿಕ್ಷಕರು ಬದಲಾದಾಗ ಎಲ್ಲವನ್ನೂ ಮೊದಲಿನಿಂದ ಹೇಳಬೇಕಾದ ಪ್ರಮೇಯ ಬರುವುದಿಲ್ಲ.

ವಸತಿ ಶಾಲೆಯ ಮಕ್ಕಳು ಔಷಧಿ ಸೇವಿಸುತ್ತಿದ್ದಲ್ಲಿ, ವೈದ್ಯರ ಚೀಟಿಯ ಪ್ರತಿಯೊಂದಿಗೆ ಔಷಧಿಯನ್ನು ಮಗುವಿನ ಪೆಟ್ಟಿಗೆಯಲ್ಲಿಡದೆ ನಿಲಯ ಪಾಲಕರ ವಶಕ್ಕೆ ನೀಡತಕ್ಕದ್ದು.

100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಅರ್ಹ ಆಪ್ತ ಸಮಾಲೋಚಕರನ್ನು ಹೊಂದಿರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2025ರ ಜುಲೈನಲ್ಲಿ ನಿರ್ದೇಶಿಸಿರುತ್ತದೆ. ಆದ್ದರಿಂದ ಈ ಬಗ್ಗೆ ಶಾಲೆಯನ್ನು ವಿಚಾರಿಸಲು ಸಂಕೋಚಪಡಬೇಕಾಗಿಲ್ಲ. ಇದಲ್ಲದೆ, ಮಗುವಿಗೆ ದೈಹಿಕ ಶಿಕ್ಷೆ ಅಥವಾ ಮಾನಸಿಕ ಕಿರುಕುಳ ನೀಡುವುದನ್ನು ಶಿಕ್ಷಣ ಹಕ್ಕು ಅಧಿನಿಯಮ, 2009ರ 17ನೇ ಪ್ರಕರಣವು ನಿಷೇಧಿಸಿದೆ.

ಚಿಕಿತ್ಸೆ

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರ ಸೇವೆ ಲಭ್ಯವಿದೆ. (ದೇಶದ ಈ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ.) ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರ ಭೇಟಿಯ ದಿನವನ್ನು ಮೊದಲೇ ವಿಚಾರಿಸಿಕೊಂಡಲ್ಲಿ ಒಂದು ದಿನದ ಕೂಲಿ ಉಳಿಯುತ್ತದೆ. ಚಿಕಿತ್ಸೆಯ ವಿಷಯ ಶಾಲೆಯಲ್ಲೆಲ್ಲ ಹರಡಿ ಮುಂದೆ ಮಗುವಿಗೆ ತೊಡಕಾಗಬಹುದೆಂದು ಹೆದರಿ ಚಿಕಿತ್ಸೆಯನ್ನೇ ಮುಂದೂಡುವ ಕುಟುಂಬಗಳಿವೆ. ಚಿಕಿತ್ಸೆಯ ಮಾಹಿತಿಯ ಗೌಪ್ಯತೆಯು ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರಡಿ ರೋಗಿಯ ಹಕ್ಕಾಗಿರುತ್ತದೆ. ಶಾಲೆಗೆ ಎಷ್ಟು ತಿಳಿಸಬೇಕೆಂಬುದನ್ನು ಪೋಷಕರು ಮಗುವಿನೊಡನೆ ಚರ್ಚಿಸಿ ನಿರ್ಧರಿಸಬಹುದು. ರೋಗದ ಹೆಸರನ್ನು ಹೇಳದೆಯೂ ಬೇಕಾದ ನೆರವನ್ನು ಕೇಳಬಹುದು.

ಮಗುವು ಸಾಯುವ ಮಾತನ್ನಾಡಿದಲ್ಲಿ ಅಥವಾ ಮೈಮೇಲೆ ಗಾಯ ಮಾಡಿಕೊಂಡಲ್ಲಿ ಗದರಿಸಬಾರದು, ಒಂಟಿಯಾಗಿ ಬಿಡಬಾರದು. ನೇರವಾಗಿ ಕೇಳುವುದರಿಂದ ಅಂತಹ ಯೋಚನೆ ಹುಟ್ಟುತ್ತದೆಂಬುದು ತಪ್ಪು ಕಲ್ಪನೆ. ಮನೆಯಲ್ಲಿನ ಕೀಟನಾಶಕ ಮತ್ತು ಮಾತ್ರೆಗಳನ್ನು ಕೈಗೆ ಸಿಗದಂತಿರಿಸಿ, ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡತಕ್ಕದ್ದು. 2022ರಲ್ಲಿ ಆರಂಭವಾದ ಈ ಸೇವೆ ದಿನದ 24 ಗಂಟೆಯೂ ಕನ್ನಡದಲ್ಲಿ ದೊರೆಯುತ್ತದೆ. ಪ್ರಾಣಾಪಾಯವಿದ್ದಲ್ಲಿ 108 ಅಥವಾ 112ಕ್ಕೆ ಕೂಡಲೇ ಕರೆ ಮಾಡಬೇಕು. ಮಕ್ಕಳೇ ನೇರವಾಗಿ ಮಾತನಾಡಲು ಮಕ್ಕಳ ಸಹಾಯವಾಣಿ 1098 ಇದೆ.

ಪ್ರಮಾಣಪತ್ರ ಬೇಕಾಗುವ ಸೌಲಭ್ಯಗಳು

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಅನುಸೂಚಿಯಲ್ಲಿ ಮಾನಸಿಕ ಅಸ್ವಸ್ಥತೆ, ಆಟಿಸಂ ಹಾಗೂ ನಿರ್ದಿಷ್ಟ ಕಲಿಕಾ ನ್ಯೂನತೆಗಳು ಸೇರಿವೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಉತ್ತರ ಬರೆದುಕೊಡುವ ಸಹಾಯಕರು, ದ್ವಿತೀಯ ಮತ್ತು ತೃತೀಯ ಭಾಷೆಯಿಂದ ವಿನಾಯಿತಿ, ಇಂತಹ ಮಾರ್ಪಾಡುಗಳಿಗೆ 17ನೇ ಪ್ರಕರಣದಲ್ಲಿ ಅವಕಾಶವಿದೆ. ಆದರೆ ಕೆಲವು ತಿಂಗಳಲ್ಲಿ ಗುಣವಾಗುವ ಖಿನ್ನತೆ ಅಥವಾ ಆತಂಕವು ವಿಕಲತೆಯೆನಿಸುವುದಿಲ್ಲ. ದೀರ್ಘಕಾಲ ಉಳಿದು ನಿತ್ಯದ ಬದುಕಿಗೆ ಅಡ್ಡಿಯಾಗುವ ತೊಂದರೆಗೆ ಮಾತ್ರ ಪ್ರಮಾಣಪತ್ರ ದೊರೆಯುತ್ತದೆ.

ಅರ್ಜಿಯನ್ನು ಸ್ವಾವಲಂಬನ್ ಜಾಲತಾಣದಲ್ಲಿ ಗುರುತಿನ ದಾಖಲೆ, ವಿಳಾಸದ ದಾಖಲೆ ಮತ್ತು ಭಾವಚಿತ್ರದೊಂದಿಗೆ ಸಲ್ಲಿಸಬೇಕು. ನಂತರ ನಿಗದಿತ ಆಸ್ಪತ್ರೆಯಲ್ಲಿ ತಪಾಸಣೆ ನಡೆಯುತ್ತದೆ. ತಪಾಸಣೆಗೆ ಒಂದಕ್ಕಿಂತ ಹೆಚ್ಚು ಭೇಟಿಗಳು ಬೇಕಾಗಬಹುದು. ಎಸ್.ಎಸ್.ಎಲ್.ಸಿ. ಪರೀಕ್ಷಾ ಅರ್ಜಿಯ ಕೊನೆಯ ವಾರದಲ್ಲಿ ಓಡಾಡುವ ಪೋಷಕರು ನಿರಾಶರಾಗುವುದುಂಟು. ಆದುದರಿಂದ ಮಗು ಎಂಟನೇ ಅಥವಾ ಒಂಬತ್ತನೇ ತರಗತಿಯಲ್ಲಿರುವಾಗಲೇ ಅರ್ಜಿ ಸಲ್ಲಿಸಲು ಕೋರಲಾಗಿದೆ. ಪ್ರಮಾಣಪತ್ರ ದೊರೆತ ನಂತರ ಪರೀಕ್ಷಾ ವಿನಾಯಿತಿಯ ಕೋರಿಕೆಯನ್ನು ಶಾಲೆಯ ಮುಖ್ಯ ಶಿಕ್ಷಕರ ಮೂಲಕ ಪ್ರತ್ಯೇಕವಾಗಿ ಸಲ್ಲಿಸಬೇಕಾಗುತ್ತದೆ. ಪ್ರಮಾಣಪತ್ರ ನೀಡುವ ಪ್ರಾಧಿಕಾರದ ತೀರ್ಮಾನದಿಂದ ಬಾಧಿತರಾದವರು ಸದರಿ ಅಧಿನಿಯಮದ 59ನೇ ಪ್ರಕರಣದಡಿ ಮೇಲ್ಮನವಿ ಸಲ್ಲಿಸಬಹುದಾಗಿರುತ್ತದೆ.