ರಿಮೋಟಿನ ಮಾತು ಕೇಳುವ ಕಿವಿ

ರಿಮೋಟಿನ ಗುಂಡಿ ಒತ್ತಿದರೆ ಟಿ.ವಿ.ಗೆ ಹೇಗೆ ತಿಳಿಯುತ್ತೆ? ರಿಮೋಟಿನ ತುದಿಯ ಪುಟ್ಟ ದೀಪ ಕಣ್ಣಿಗೆ ಕಾಣದ ಅವಕೆಂಪು ಕಿರಣ ಬೀರುತ್ತದೆ. ಟಿ.ವಿ.ಯಲ್ಲಿರುವ ಮೂರು ಕಾಲಿನ ಗ್ರಾಹಕ ಅದನ್ನು ಹಿಡಿಯುತ್ತದೆ.

ಆದರೆ ಬಿಸಿಲಿನಲ್ಲೂ ಇದೇ ಕಿರಣ ಇದೆಯಲ್ಲ! ಅದಕ್ಕೇ ರಿಮೋಟಿನ ದೀಪ ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 38,000 ಸಲ ಮಿನುಗುತ್ತದೆ. ಟಿ. ನಗರದ ಗದ್ದಲದಲ್ಲಿ ಯಾರೋ ಕನ್ನಡ ಮಾತಾಡಿದರೆ ನಮ್ಮ ಕಿವಿ ಅತ್ತಲೇ ತಿರುಗುತ್ತೆ, ಅಲ್ವೇ? ಗ್ರಾಹಕವೂ ಹಾಗೇ, ಆ ಮಿನುಗನ್ನು ಮಾತ್ರ ಆರಿಸಿಕೊಳ್ಳುತ್ತದೆ. ಮಿನುಗು ಎಷ್ಟು ಹೊತ್ತು ಇತ್ತು, ಎಷ್ಟು ಹೊತ್ತು ನಿಂತಿತು ಎಂಬುದರಲ್ಲೇ ಆಜ್ಞೆ ಅಡಗಿದೆ.

ರಿಮೋಟ್ ಕೆಲಸ ಮಾಡ್ತಿಲ್ಲವೇ? ಸೆಲ್ ಬದಲಿಸಿ, ಮೊಬೈಲ್ ಕ್ಯಾಮೆರಾದ ಮುಂದೆ ಗುಂಡಿ ಒತ್ತಿ. ಅನೇಕ ಕ್ಯಾಮೆರಾಗಳಿಗೆ ಈ ಬೆಳಕು ಕಾಣುತ್ತೆ. ಕಂಡರೆ ರಿಮೋಟಿನ ದೀಪ ಸರಿಯಿದೆ. ಅನುಮಾನ ಗ್ರಾಹಕದ ಮೇಲೆ. ಚೆನ್ನೈನ ರಿಚಿ ಸ್ಟ್ರೀಟಿನಲ್ಲಿ ಇಂಥವು ಬಿಡಿಯಾಗಿ ಸಿಗುತ್ತವೆ. ಒಂದೇ ಎಚ್ಚರ: ಟಿಎಸ್‌ಓಪಿ 1738ರಲ್ಲಿ ಗ್ರೌಂಡ್ ಮೊದಲ ಕಾಲು, 38238ರಲ್ಲಿ ನಡುವಿನದು. ಮೆಕ್ಯಾನಿಕ್ಕಿಗೆ ಹಳೆಯದರ ನಂಬರು ತೋರಿಸಿಯೇ ಕೊಳ್ಳಿ.

ವಾಣಿಜ್ಯ ಓದುವ ನನ್ನ ಲೆಕ್ಕ ಇಷ್ಟೇ: ಕಡಲೆಕಾಳಿನಷ್ಟು ಬಿಡಿಭಾಗ ಕೆಟ್ಟದ್ದಕ್ಕೆ ಹೊಸ ಸೆಟ್ಟಿನ ಬೆಲೆ ಯಾಕೆ ತೆರಬೇಕು?