ಟ್ರಯಾಂಗಲ್ ಚೋಕ್: ಕಾಲಿನ ಬಲಕ್ಕಿಂತ ತಿರುಗುವುದೇ ಮುಖ್ಯ

2020ರ ಅಕ್ಟೋಬರ್ 24ರಂದು ಅಬುಧಾಬಿಯಲ್ಲಿ ಖಬೀಬ್ ನುರ್ಮಗೊಮೆದೊವ್ ತನ್ನ ಕೊನೆಯ ಹೋರಾಟ ಗೆದ್ದದ್ದು ಗುದ್ದಿ ಅಲ್ಲ. ಬೆನ್ನ ಮೇಲೆ ಮಲಗಿ, ಜಸ್ಟಿನ್ ಗೇತ್ಜಿಯ ಕುತ್ತಿಗೆಯನ್ನೂ ಒಂದು ಕೈಯನ್ನೂ ತನ್ನ ಎರಡು ಕಾಲುಗಳ ನಡುವೆ ಸಿಕ್ಕಿಸಿ. ಈ ಪಟ್ಟಿಗೆ ಟ್ರಯಾಂಗಲ್ ಚೋಕ್ ಎಂದು ಹೆಸರು. ಜಿಯು-ಜಿಟ್ಸುವಿನಲ್ಲಿ ಕೆಳಗೆ ಮಲಗಿದವನು ಕಾಲುಗಳಿಂದ ಎದುರಾಳಿಯನ್ನು ಹಿಡಿದಿಡುವ ಸ್ಥಿತಿಯನ್ನು ಗಾರ್ಡ್ ಎನ್ನುತ್ತಾರೆ. ಗಾರ್ಡ್‌ನಿಂದ ಹಾಕುವ ಪಟ್ಟುಗಳಲ್ಲಿ ಎಲ್ಲರೂ ಮೊದಲು ಕಲಿಯಲು ಹೋಗುವುದು ಇದನ್ನೇ.

ಪೆರ್ಲ, ಬದಿಯಡ್ಕ ಕಡೆಯ ಹುಡುಗರು ಮೊಬೈಲ್ ನೋಡಿ ಇದನ್ನು ಮನೆಯ ಚಾಪೆ ಮೇಲೆ ಗೆಳೆಯನಿಗೆ ಹಾಕಿ ನೋಡುವುದೂ ಇದೆ. ಲಾಕ್ ಬೀಳುತ್ತದೆ, ಆದರೆ ಎದುರಿನವ ನಗುತ್ತಾ ಕೂತಿರುತ್ತಾನೆ. ಆಗ ತೊಡೆಯನ್ನು ಇನ್ನಷ್ಟು ಬಿಗಿ ಮಾಡುವುದು, ಎರಡು ನಿಮಿಷದಲ್ಲಿ ಕಾಲು ಸೋತು ಬಿಡುವುದು. ತಪ್ಪು ಇಲ್ಲೇ ಇದೆ.

ಈ ಪಟ್ಟು ಉಸಿರು ಕಟ್ಟಿಸುವುದಕ್ಕಲ್ಲ, ಕುತ್ತಿಗೆಯ ಎರಡು ಬದಿಯ ರಕ್ತನಾಳ ಒತ್ತುವುದಕ್ಕೆ. ಒಂದು ಬದಿಯನ್ನು ನಮ್ಮ ತೊಡೆ ಒತ್ತುತ್ತದೆ. ಇನ್ನೊಂದು ಬದಿಯನ್ನು ಒತ್ತುವುದು ಎದುರಾಳಿಯದ್ದೇ ಭುಜ. ಅದಕ್ಕೇ ಅವನ ಒಂದು ಕೈ ಒಳಗೆ, ಒಂದು ಕೈ ಹೊರಗೆ ಇರಲೇಬೇಕು. ಎರಡೂ ಒಳಗಿದ್ದರೆ ಅಥವಾ ಎರಡೂ ಹೊರಗಿದ್ದರೆ ಪಟ್ಟಿಲ್ಲ.

ಶುರುವಲ್ಲಿ ಎರಡೂ ಮಣಿಕಟ್ಟು ಹಿಡಿಯಬೇಕು. ಒಂದು ಕೈಯನ್ನು ಅವನ ಹೊಟ್ಟೆಯ ಕಡೆಗೆ ದೂಡಿ, ಇನ್ನೊಂದನ್ನು ಎಳೆದು, ಸೊಂಟ ಮೇಲೆತ್ತಿ, ದೂಡಿದ ಕೈಯ ಬದಿಯ ಭುಜದ ಮೇಲಿಂದ ಕಾಲು ಹಾಕುವುದು. ಸೊಂಟ ನೆಲಕ್ಕೆ ಅಂಟಿದ್ದರೆ ಕಾಲು ಕುತ್ತಿಗೆಯವರೆಗೆ ಮುಟ್ಟುವುದೇ ಇಲ್ಲ. ಅವನು ಬೆನ್ನು ನೇರ ಮಾಡಿ ಕೂತರೂ ಅಷ್ಟೇ, ಮೊದಲು ಅವನನ್ನು ಬಗ್ಗಿಸಬೇಕು.

ಹೆಚ್ಚಿನವರು ಕಾಲು ಹಾಕಿದ ಕೂಡಲೇ ಲಾಕ್ ಮಾಡಿ ಎದುರಾಎದುರು ಮಲಗಿಯೇ ಹಿಂಡುತ್ತಾರೆ. ಹಾಗೆ ಮಾಡಿದರೆ ಕಾಲು ಭುಜದ ಮೇಲೆ ಓರೆಯಾಗಿ ಬೀಳುತ್ತದೆ, ಕುತ್ತಿಗೆಯ ಬದಿಯಲ್ಲಿ ಜಾಗ ಉಳಿಯುತ್ತದೆ. ಲಾಕ್ ಮಾಡುವ ಮೊದಲು ಕುತ್ತಿಗೆ ಮೇಲಿರುವ ಕಾಲಿನ ಮೊಣಕಾಲ ಕೆಳಭಾಗವನ್ನು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಪಾದವನ್ನು ಅವನ ಸೊಂಟಕ್ಕೆ ಒತ್ತಿ, ಮೈಯನ್ನು ಬದಿಗೆ ತಿರುಗಿಸಬೇಕು. ಎಷ್ಟು? ಅವನ ಮುಖದ ಬದಲು ಕಿವಿ ಕಾಣುವಷ್ಟು. ಆಗ ಕಾಲು ಕುತ್ತಿಗೆಯ ಹಿಂದೆ ಅಡ್ಡಕ್ಕೆ ನೇರವಾಗಿ ಕೂರುತ್ತದೆ. ಆಮೇಲೆ ಲಾಕ್. ಇನ್ನೊಂದು ಮೊಣಕಾಲಿನ ಸಂದಿಗೆ ಬರಬೇಕಾದ್ದು ಕಣಕಾಲು, ಪಾದ ಅಲ್ಲ. ಪಾದ ಸಿಕ್ಕಿದರೆ ಹಿಂಡುವಾಗ ಉಳುಕುವುದು ನಮ್ಮದೇ ಕಾಲು. ತಲೆಯನ್ನು ಕೆಳಗೆ ಎಳೆಯುವುದು ಎಲ್ಲದರ ಕೊನೆಗೆ.

ಕಾಲು ಗಿಡ್ಡ ಇದ್ದವರಿಗೆ ಇದು ಆಗದು ಎಂಬ ಮಾತಿದೆ. ಕಷ್ಟ ಹೌದು, ಆಗದು ಅಲ್ಲ. ಸರಿಯಾಗಿ ತಿರುಗಿದವನಿಗೆ ಉದ್ದ ಕಾಲು ಬೇಡ.

ಈಗ ಅಪಾಯದ ವಿಷಯ. ಎರಡು ಬದಿಯೂ ಸರಿಯಾಗಿ ಒತ್ತಿದರೆ ಸುಮಾರು 10 ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪಬಹುದು. ಗೇತ್ಜಿ ಕೈ ತಟ್ಟಿದ್ದನ್ನು ರೆಫರಿ ಕೂಡಲೇ ಗಮನಿಸಲಿಲ್ಲ, ಅಷ್ಟರಲ್ಲಿ ಅವನು ಪ್ರಜ್ಞೆ ತಪ್ಪಿದ್ದ. ಅಲ್ಲಿ ಡಾಕ್ಟರು ಪಕ್ಕದಲ್ಲೇ ಇದ್ದರು. ಮನೆಯ ಕೋಣೆಯಲ್ಲಿ ಯಾರಿದ್ದಾರೆ? ಗೆಳೆಯ ಒಮ್ಮೆ ತಟ್ಟಿದರೆ ಸಾಕು, ಬಾಯಲ್ಲಿ ಹೇಳಿದರೂ ಸಾಕು, ಆ ಕ್ಷಣವೇ ಬಿಡಬೇಕು. ಇದರಲ್ಲಿ ತಮಾಷೆ ಬೇಡ. ಚಿಕ್ಕ ಮಕ್ಕಳ ಮೇಲಂತೂ ಹಾಕಲೇಬಾರದು. ಕೋಚ್ ಇಲ್ಲದವರು ಒಬ್ಬರೇ ಗೋಡೆಗೆ ಪಾದ ಒತ್ತಿ ಸೊಂಟ ಎತ್ತುವುದು, ತಿರುಗುವುದು ಅಭ್ಯಾಸ ಮಾಡಬಹುದು. ಕುತ್ತಿಗೆ ಒತ್ತುವ ಅಭ್ಯಾಸ ಕೋಚ್ ಎದುರಿಗೇ ಆಗಲಿ.

ಕುಸ್ತಿ ನಮಗೆ ಹೊಸದಲ್ಲ. ಪ್ರವಾದಿ (ಸ) ರುಕಾನಾ ಎಂಬ ಪೈಲ್ವಾನನೊಂದಿಗೆ ಕುಸ್ತಿ ಮಾಡಿದ ವರದಿ ಹದೀಸ್ ಗ್ರಂಥಗಳಲ್ಲಿದೆ. ಮುಖಕ್ಕೆ ಹೊಡೆಯಬಾರದು ಎಂಬ ಹದೀಸ್ ಕೂಡ ಇದೆ. ಜಿಯು-ಜಿಟ್ಸುವಿನಲ್ಲಿ ಹೊಡೆತವೇ ಇಲ್ಲ. ಅಬುಧಾಬಿಯಲ್ಲಿ 2008ರಿಂದ ಇದನ್ನು ಶಾಲೆಗಳಲ್ಲಿ ಕಲಿಸುತ್ತಿದ್ದಾರೆ, ಗಲ್ಫಿನಲ್ಲಿರುವ ನಮ್ಮವರಿಗೆ ಗೊತ್ತಿರುವ ವಿಷಯ.

ಕ್ಲಾಸಿಗೆ ಸೇರುವ ಮುನ್ನ ಎರಡು ಮಾತು ಕೇಳಿಕೊಳ್ಳುವುದು ಒಳ್ಳೆಯದು. ಒಂದು ಉಡುಪು. ದಪ್ಪ ಬಟ್ಟೆಯ ಗಿ ಹಾಕಿದರೆ ಔರತ್ ಮುಚ್ಚುತ್ತದೆ. ಗಿ ಇಲ್ಲದ ಕ್ಲಾಸಾದರೆ ಬಿಗಿ ಪ್ಯಾಂಟಿನ ಮೇಲೆ ಮೊಣಕಾಲು ದಾಟುವ ಸಡಿಲ ಚಡ್ಡಿ ಹಾಕಿಕೊಳ್ಳಬಹುದು. ಇನ್ನೊಂದು, ಮ್ಯಾಟಿಗೆ ಬಗ್ಗಿ ವಂದಿಸುವ ಪದ್ಧತಿ. ಅದಕ್ಕೆ ಮನಸ್ಸು ಒಪ್ಪದವರು ಮೊದಲೇ ಕೋಚ್ ಹತ್ತಿರ ಹೇಳಿ, ಅದರ ಬದಲು ಕೈ ಕುಲುಕಿದರೆ ಆಗುತ್ತದಾ ಎಂದು ಕೇಳಲಿ. ಹುಡುಗಿಯರಿಗೆ ಬೇರೆ ಬ್ಯಾಚ್, ಮಹಿಳಾ ಕೋಚ್ ಇದ್ದಾರಾ ಎಂಬುದನ್ನು ಫೀಸ್ ಕಟ್ಟುವ ಮೊದಲೇ ವಿಚಾರಿಸಬೇಕು.