ಅಮೆರಿಕದ ಕಾಲೇಜಿನ ‘ಸೊರೊರಿಟಿ’: ನಮ್ಮ ಹೆಣ್ಣುಮಕ್ಕಳು ಸೇರಬಹುದೇ?

ಕಳೆದ ಮೇ ತಿಂಗಳಲ್ಲಿ ಕೆಲಸದ ನಿಮಿತ್ತ ಹುಬ್ಬಳ್ಳಿಗೆ ಹೋಗಿದ್ದಾಗ ದೇಶಪಾಂಡೆ ನಗರದಲ್ಲಿರುವ ಪರಿಚಿತ ಕುಟುಂಬವೊಂದರ ಮನೆಗೆ ಊಟಕ್ಕೆ ಕರೆದಿದ್ದರು. ಸವಾಯಿ ಗಂಧರ್ವ ಕಲಾಮಂದಿರದಿಂದ ನಡೆದೇ ಹೋಗುವಷ್ಟು ಹತ್ತಿರದ ಮನೆ. ಮೂಲತಃ ಉಡುಪಿ ಕಡೆಯವರು. ಮನೆಯ ಯಜಮಾನರು ರೈಲ್ವೆಯಲ್ಲಿದ್ದ ಕಾರಣ ಅಲ್ಲೇ ನೆಲೆ ನಿಂತವರು. ಅವರ ಮಗಳಿಗೆ ಅಮೆರಿಕದ ದಕ್ಷಿಣ ಭಾಗದ ಒಂದು ಮಹಿಳಾ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಊಟ ಮುಗಿಯುತ್ತಿದ್ದಂತೆ ತಾಯಿ ಮೊಬೈಲ್ ತಂದು ಒಂದು ಫೋಟೋ ತೋರಿಸಿದರು. ಬಿಳಿ ಉಡುಪಿನ ಹುಡುಗಿಯರು, ಕೈಯಲ್ಲಿ ಮೇಣದ ಬತ್ತಿ, ಹಿಂದಿನ ಗೋಡೆಯ ಮೇಲೆ ದೊಡ್ಡದಾಗಿ ಮೂರು ಗ್ರೀಕ್ ಅಕ್ಷರ.

“ಫಾದರ್, ಇದೆಂಥದ್ದು ನೋಡಿ. ಯಾವುದಾದರೂ ಪಂಥವಾ? ಇವಳು ಸೇರುತ್ತೇನೆ ಅಂತ ಹೇಳ್ತಾಳೆ.”

“ಅಮ್ಮಾ, ಅದು ಅಕ್ಕತಂಗಿಯರ ಸಂಘ ಅಷ್ಟೇ. ಫಾದರ್, ನೀವೇ ಹೇಳಿ” ಎಂದಳು ಮಗಳು.

ನನಗೂ ಸರಿಯಾಗಿ ತಿಳಿದಿರಲಿಲ್ಲ. ಓದಿ ತಿಳಿಸುತ್ತೇನೆ ಎಂದು ಹೇಳಿ ಬಂದೆ. ಇಂತಹ ಪ್ರಶ್ನೆ ಇನ್ನೂ ಕೆಲವು ಹೆತ್ತವರಿಂದ ಬಂದಿರುವುದರಿಂದ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಲ್ಯಾಟಿನ್ ಭಾಷೆಯಲ್ಲಿ ‘ಸೊರೊರ್’ ಎಂದರೆ ಸಹೋದರಿ. ಅದರಿಂದ ಹುಟ್ಟಿದ ‘ಸೊರೊರಿಟಿ’ ಎಂಬ ಪದವನ್ನು ಕಾಲೇಜು ಸಂಘಕ್ಕೆ ಮೊದಲು ಬಳಸಿದವರು ಸಿರಾಕ್ಯೂಸ್ ವಿಶ್ವವಿದ್ಯಾನಿಲಯದ ಲ್ಯಾಟಿನ್ ಪ್ರಾಧ್ಯಾಪಕ ಫ್ರ್ಯಾಂಕ್ ಸ್ಮಾಲಿ, 1882ರಲ್ಲಿ. ಸಂಘಗಳು ಮಾತ್ರ ಪದಕ್ಕಿಂತ ಹಳೆಯವು. 1851ರಲ್ಲಿ ಜಾರ್ಜಿಯಾ ರಾಜ್ಯದ ಮೇಕನ್ ಪಟ್ಟಣದ ವೆಸ್ಲಿಯನ್ ಮಹಿಳಾ ಕಾಲೇಜಿನಲ್ಲಿ ‘ಅಡೆಲ್ಫಿಯನ್’ ಎಂಬ ಸಾಹಿತ್ಯ ಸಂಘ ಆರಂಭವಾಯಿತು. ಅದೇ ಮುಂದೆ ಆಲ್ಫಾ ಡೆಲ್ಟಾ ಪೈ ಎಂಬ ಸೊರೊರಿಟಿಯಾಯಿತು. ಗ್ರೀಕ್ ಅಕ್ಷರಗಳನ್ನು ಕಂಡು ಗಾಬರಿಯಾಗುವ ಅಗತ್ಯವಿಲ್ಲ. 1776ರಲ್ಲಿ ಸ್ಥಾಪನೆಯಾದ ಫೈ ಬೀಟಾ ಕಪ್ಪಾ ಎಂಬ ವಿದ್ಯಾರ್ಥಿ ಸಂಘ ತನ್ನ ಗ್ರೀಕ್ ಧ್ಯೇಯವಾಕ್ಯದ ಮೊದಲಕ್ಷರಗಳನ್ನು ಹೆಸರಾಗಿ ಇಟ್ಟುಕೊಂಡಿತು; ಗಂಡಸರ ಸಂಘಗಳು ಅದನ್ನು ಅನುಕರಿಸಿದವು, ಹೆಂಗಸರ ಸಂಘಗಳೂ ಅದೇ ದಾರಿ ಹಿಡಿದವು. ಅಲ್ಲಿ ಗ್ರೀಕ್ ದೇವತೆಗಳ ಆರಾಧನೆಯೇನೂ ಇಲ್ಲ.

ಗಂಡಸರ ವಿಶ್ವವಿದ್ಯಾನಿಲಯಗಳು ಹೆಣ್ಣುಮಕ್ಕಳಿಗೆ ಬಾಗಿಲು ತೆರೆದ ಮೊದಲ ವರ್ಷಗಳಲ್ಲಿ ತರಗತಿಗೆ ಬಂದವರು ಬೆರಳೆಣಿಕೆಯಷ್ಟು ಮಂದಿ. ಅವರಿಗೆ ಪರಸ್ಪರ ಆಸರೆ ಬೇಕಿತ್ತು. 1870ರಲ್ಲಿ ಇಂಡಿಯಾನಾದಲ್ಲಿ ಹುಟ್ಟಿದ ಕಪ್ಪಾ ಆಲ್ಫಾ ಥೀಟಾದ ಹಿನ್ನೆಲೆ ಇದೇ. ಆದರೆ ಹೊರಗಿನವರಾಗಿದ್ದವರು ಒಮ್ಮೆ ಒಳಗೆ ಸೇರಿಕೊಂಡ ಮೇಲೆ ಬಾಗಿಲನ್ನು ತಾವೇ ಹಾಕಿಕೊಂಡರು. ಕಪ್ಪು ಜನಾಂಗದವರಿಗೆ, ಯಹೂದ್ಯರಿಗೆ ಪ್ರವೇಶವಿರಲಿಲ್ಲ. ಕಥೋಲಿಕರಿಗೂ ಅನೇಕ ಕಡೆ ಸ್ವಾಗತವಿರಲಿಲ್ಲ. ಆಗ ಹೊರಗುಳಿದವರು ತಮ್ಮದೇ ಸಂಘ ಕಟ್ಟಿದರು. 1908ರಲ್ಲಿ ವಾಷಿಂಗ್ಟನ್‌ನ ಹೋವರ್ಡ್ ವಿಶ್ವವಿದ್ಯಾನಿಲಯದಲ್ಲಿ ಕಪ್ಪು ವಿದ್ಯಾರ್ಥಿನಿಯರ ಆಲ್ಫಾ ಕಪ್ಪಾ ಆಲ್ಫಾ ಹುಟ್ಟಿತು. ಮುಂದೆ ಅಮೆರಿಕದ ಉಪಾಧ್ಯಕ್ಷೆಯಾದ ಕಮಲಾ ಹ್ಯಾರಿಸ್ ಹೋವರ್ಡ್‌ನಲ್ಲಿ ಓದುವಾಗ ಸೇರಿದ್ದು ಇದಕ್ಕೇ. 1909ರಲ್ಲಿ ನ್ಯೂಯಾರ್ಕಿನ ಬರ್ನಾರ್ಡ್ ಮಹಿಳಾ ಕಾಲೇಜಿನಲ್ಲಿ ಯಹೂದಿ ವಿದ್ಯಾರ್ಥಿನಿಯರು ಆಲ್ಫಾ ಎಪ್ಸಿಲಾನ್ ಫೈ ಆರಂಭಿಸಿದರು. 1913ರ ಜನವರಿಯಲ್ಲಿ ಹೋವರ್ಡ್‌ನ 22 ವಿದ್ಯಾರ್ಥಿನಿಯರು ಡೆಲ್ಟಾ ಸಿಗ್ಮಾ ಥೀಟಾ ಕಟ್ಟಿ, ಅದೇ ಮಾರ್ಚ್ 3ರಂದು ವಾಷಿಂಗ್ಟನ್‌ನಲ್ಲಿ ನಡೆದ ಮಹಿಳಾ ಮತದಾನ ಹಕ್ಕಿನ ಮೆರವಣಿಗೆಯಲ್ಲಿ ನಡೆದರು.

ಕಥೋಲಿಕರ ಕಥೆಯನ್ನು ನಮ್ಮ ಓದುಗರು ಕೇಳಿರಲಾರರು. ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಕಥೋಲಿಕ ಹೆಣ್ಣುಮಕ್ಕಳಿಗೆ ತಮ್ಮವರೆನ್ನುವ ಕೂಟವಿರಲಿಲ್ಲ. ಹಿಂದೆ ಅಲ್ಲಿನ ವಿದ್ಯಾರ್ಥಿಗಳ ಗುರುಗಳಾಗಿದ್ದು ಆಗ ಡೆಟ್ರಾಯಿಟ್‌ನ ಸಹಾಯಕ ಬಿಷಪರಾಗಿದ್ದ ಎಡ್ವರ್ಡ್ ಕೆಲ್ಲಿಯವರ ಬೆಂಬಲದೊಂದಿಗೆ 1912ರಲ್ಲಿ ಹತ್ತು ಮಂದಿ ಥೀಟಾ ಫೈ ಆಲ್ಫಾ ಎಂಬ ಸೊರೊರಿಟಿ ಸ್ಥಾಪಿಸಿದರು. ಸಿಯೆನ್ನಾದ ಸಂತ ಕ್ಯಾಥರೀನ್ ಅದರ ಪಾಲಕಿ. 1968ರಲ್ಲಿ ಎಲ್ಲಾ ಮತಗಳವರಿಗೂ ಬಾಗಿಲು ತೆರೆಯಿತು. ಅಂದರೆ ಸೊರೊರಿಟಿ ಎಂಬ ವ್ಯವಸ್ಥೆ ನಮ್ಮ ವಿಶ್ವಾಸಕ್ಕೆ ವಿರುದ್ಧವೆಂದು ಹೇಳಲು ಬರುವುದಿಲ್ಲ. ಬಿಷಪರೊಬ್ಬರೇ ಒಂದರ ಹುಟ್ಟಿಗೆ ನಿಂತಿದ್ದರು. 1998ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾನಿಲಯದಲ್ಲಿ ಕಪ್ಪಾ ಫೈ ಗಾಮಾ ಎಂಬ ದಕ್ಷಿಣ ಏಷ್ಯಾ ಮೂಲದ ಹೆಣ್ಣುಮಕ್ಕಳ ಸೊರೊರಿಟಿಯೂ ಆರಂಭವಾಯಿತು.

ಸೇರುವ ಕ್ರಮ ಹೀಗಿದೆ. ಕಾಲೇಜು ಆರಂಭವಾದ ಕೆಲವೇ ದಿನಗಳಲ್ಲಿ, ಕೆಲವೆಡೆ ಎರಡನೇ ಸೆಮಿಸ್ಟರ್‌ನಲ್ಲಿ, ‘ರಷ್’ ಎಂದು ಕರೆಯುವ ಆಯ್ಕೆಯ ದಿನಗಳು. ಹೊಸ ಹುಡುಗಿ ಒಂದೊಂದು ಸಂಘದವರನ್ನೂ ಭೇಟಿಯಾಗಿ ಮಾತನಾಡುತ್ತಾಳೆ. ಕೊನೆಗೆ ಅವಳು ತನಗೆ ಇಷ್ಟವಾದ ಸಂಘಗಳನ್ನು ಕ್ರಮವಾಗಿ ಬರೆದುಕೊಡುತ್ತಾಳೆ; ಸಂಘದವರೂ ತಮಗೆ ಬೇಕಾದವರ ಪಟ್ಟಿ ಕೊಡುತ್ತಾರೆ. ಎರಡೂ ತಾಳೆಯಾದರೆ ಆಹ್ವಾನ ಪತ್ರ ಬರುತ್ತದೆ. ನಂತರ ಕೆಲವು ವಾರ ಹೊಸ ಸದಸ್ಯೆ, ಆಮೇಲೆ ಗುಪ್ತವಾಗಿ ನಡೆಯುವ ದೀಕ್ಷಾವಿಧಿ. ಫೋಟೋದ ಮೇಣದ ಬತ್ತಿ ಇಂತಹದ್ದೇ ಯಾವುದೋ ಸಮಾರಂಭದ್ದಿರಬೇಕು. ಕಪ್ಪು ಜನಾಂಗದವರ ಹಳೆಯ ಸೊರೊರಿಟಿಗಳಲ್ಲಿ ಈ ‘ರಷ್’ ಇಲ್ಲ, ಅವರ ಕ್ರಮ ಬೇರೆ. ಸದಸ್ಯತ್ವ ಶುಲ್ಕ ಪ್ರತಿ ಸೆಮಿಸ್ಟರ್ ಕಟ್ಟಬೇಕು. ದೊಡ್ಡ ವಿಶ್ವವಿದ್ಯಾನಿಲಯಗಳಲ್ಲಿ ವರ್ಷಕ್ಕೆ ಸಾವಿರಾರು ಡಾಲರ್ ಆಗುವುದೂ ಉಂಟು. ಸಾಲ ಮಾಡಿ ಮಗಳನ್ನು ಕಳಿಸುವ ಮನೆಯವರು ಇದನ್ನು ಮೊದಲೇ ಕೇಳಿಕೊಳ್ಳಬೇಕು.

ಆಹ್ವಾನ ಬಾರದೆ ಉಳಿಯುವ ಹುಡುಗಿಯರೂ ಇದ್ದಾರೆ. ಮನೆಯಿಂದ ಹದಿಮೂರು ಸಾವಿರ ಕಿಲೋಮೀಟರ್ ದೂರದಲ್ಲಿ, ಬಂದು ತಿಂಗಳಾಗುವ ಮೊದಲೇ, ‘ನೀನು ನಮಗೆ ಬೇಡ’ ಎಂಬ ಉತ್ತರ ಪಡೆಯುವುದು ಹದಿನೆಂಟರ ಮಗುವಿಗೆ ಸಣ್ಣ ಪೆಟ್ಟಲ್ಲ. ನನ್ನನ್ನು ಹೆಚ್ಚು ಕಾಡಿದ್ದು ಗ್ರೀಕ್ ಅಕ್ಷರವಲ್ಲ, ಇದು.

ಬಹುಶಃ ಇದೇ ಕಾರಣಕ್ಕೆ ವೆಲ್ಸ್‌ಲಿ, ಸ್ಮಿತ್, ಮೌಂಟ್ ಹೋಲಿಯೋಕ್‌ನಂತಹ ಹೆಸರಾಂತ ಮಹಿಳಾ ಕಾಲೇಜುಗಳಲ್ಲಿ ಸೊರೊರಿಟಿಗಳಿಲ್ಲ. ಕಥೋಲಿಕರ ನೋತ್ರ್ ದಾಮ್ ವಿಶ್ವವಿದ್ಯಾನಿಲಯದಲ್ಲೂ ಇಲ್ಲ. ಅಟ್ಲಾಂಟಾದ ಸ್ಪೆಲ್ಮನ್ ಮಹಿಳಾ ಕಾಲೇಜಿನಲ್ಲಿ ಇವೆ. ಎಲ್ಲಕ್ಕೂ ತವರಾದ ವೆಸ್ಲಿಯನ್ ಕಾಲೇಜು ಅವುಗಳನ್ನು ನೂರು ವರ್ಷಗಳ ಹಿಂದೆಯೇ ತೆಗೆದುಹಾಕಿತು. ಅಷ್ಟರಿಂದ ಎಲ್ಲವೂ ಶುದ್ಧವಾಗಲಿಲ್ಲ. ಅಲ್ಲಿನ ಒಂದೊಂದು ತರಗತಿಯೂ ತನ್ನದೇ ಆಚರಣೆ ಬೆಳೆಸಿಕೊಂಡಿತು, ಅವುಗಳಲ್ಲಿ ಜನಾಂಗ ದ್ವೇಷದ ನೆರಳೂ ಇತ್ತು. 2017ರಲ್ಲಿ ಕಾಲೇಜು ತನ್ನ ಇತಿಹಾಸದ ಬಗ್ಗೆ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು.

ಇನ್ನು ಗುಪ್ತ ಪ್ರಮಾಣದ ವಿಚಾರ. ಗುಪ್ತ ಸಂಘ ಎಂದೊಡನೆ ನಮಗೆ ನೆನಪಾಗುವುದು ಫ್ರೀಮೇಸನ್‌ಗಳು. ಧರ್ಮಸಭೆಯ ವಿರುದ್ಧ ಸಂಚು ಹೂಡುವ ಸಂಘಗಳನ್ನು ಸೇರುವುದು 1983ರ ಧರ್ಮಸಭಾ ಕಾನೂನು ಸಂಹಿತೆಯ 1374ನೇ ನಿಯಮದಂತೆ ಶಿಕ್ಷಾರ್ಹ; ಫ್ರೀಮೇಸನ್ ಸದಸ್ಯತ್ವದ ನಿಷೇಧವನ್ನು ರೋಮ್ 1983ರಲ್ಲೂ 2023ರಲ್ಲೂ ಪುನಃ ದೃಢಪಡಿಸಿದೆ. ವಿದ್ಯಾರ್ಥಿನಿಯರ ಸೊರೊರಿಟಿ ಈ ಸಾಲಿಗೆ ಸೇರುವುದಿಲ್ಲ. ಆದರೂ ಅದೇ ಸಂಹಿತೆಯ ಇನ್ನೆರಡು ನಿಯಮಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. ದೇವರ ಹೆಸರಿನಲ್ಲಿ ಪ್ರಮಾಣ ಮಾಡುವುದಾದರೆ ಸತ್ಯ, ವಿವೇಚನೆ, ನ್ಯಾಯ ಮೂರೂ ಇರಬೇಕು ಎನ್ನುತ್ತದೆ 1199ನೇ ನಿಯಮ. ಏನಿದೆಯೆಂದು ಗೊತ್ತಿಲ್ಲದ ಪ್ರಮಾಣಕ್ಕೆ ತಲೆಯಾಡಿಸುವುದರಲ್ಲಿ ವಿವೇಚನೆ ಎಲ್ಲಿಂದ ಬರಬೇಕು? ಮೋಸ, ಬಲವಂತ ಅಥವಾ ತೀವ್ರ ಭಯದಿಂದ ಮಾಡಿಸಿದ ಪ್ರಮಾಣ ತಾನಾಗಿಯೇ ಅಸಿಂಧು ಎನ್ನುತ್ತದೆ 1200ನೇ ನಿಯಮ. ‘ಮಾತು ಕೊಟ್ಟಿದ್ದೇನೆ, ಯಾರಿಗೂ ಹೇಳುವಂತಿಲ್ಲ’ ಎಂದು ಒಳಗೊಳಗೇ ಬೇಯುವ ಮಗಳಿಗೆ ಈ ಒಂದು ಸಾಲು ತಿಳಿದಿರಬೇಕು.

ಏಕೆಂದರೆ ಆ ಗುಟ್ಟಿನ ಮರೆಯಲ್ಲಿ ರ‍್ಯಾಗಿಂಗ್ ನಡೆದದ್ದುಂಟು. ಅಲ್ಲಿ ಅದಕ್ಕೆ ‘ಹೇಜಿಂಗ್’ ಎನ್ನುತ್ತಾರೆ. ನಿದ್ದೆಗೆಡಿಸುವುದು, ಮದ್ಯ ಕುಡಿಸುವುದು, ಅವಮಾನಿಸುವುದು. ಗಂಡಸರ ಸಂಘಗಳಲ್ಲಿ ಸಾವುಗಳೇ ಆಗಿವೆ. ಹೆಂಗಸರ ಸಂಘಗಳೂ ಪೂರ್ತಿ ಹೊರತಲ್ಲ. ನಮ್ಮಲ್ಲಿ 2009ರಲ್ಲಿ ಯುಜಿಸಿ ರ‍್ಯಾಗಿಂಗ್ ವಿರುದ್ಧ ಕಟ್ಟುನಿಟ್ಟಿನ ನಿಯಮ ತಂದಂತೆ ಅಮೆರಿಕದಲ್ಲಿ 2024ರ ಡಿಸೆಂಬರ್‌ನಲ್ಲಿ ಹೊಸ ಕಾನೂನಾಗಿದೆ. ಅದರಂತೆ ಕಾಲೇಜುಗಳು ತಪ್ಪಿತಸ್ಥ ಸಂಘಗಳ ವಿವರವನ್ನು ಬಹಿರಂಗವಾಗಿ ಪ್ರಕಟಿಸಬೇಕು. ಮನೆಯಲ್ಲೇ ಕುಳಿತು ಓದಬಹುದು.

ಕರಾವಳಿಯ ಹಿರಿಯ ಮಹಿಳೆಯರಿಗೆ ಇದನ್ನೆಲ್ಲ ವಿವರಿಸುವಾಗ ನಾನು ‘ಸೊಡಾಲಿಟಿ’ಯ ಉದಾಹರಣೆ ಕೊಡುತ್ತೇನೆ. 1563ರಲ್ಲಿ ರೋಮ್‌ನಲ್ಲಿ ಯೇಸುಸಭೆಯ ಜಾನ್ ಲ್ಯೂನಿಸ್ ವಿದ್ಯಾರ್ಥಿಗಳಿಗಾಗಿ ಆರಂಭಿಸಿದ ಮೇರಿಮಾತೆಯ ಈ ಸಂಘಕ್ಕೆ ಸ್ತ್ರೀಯರನ್ನು ಸೇರಿಸಲು 1751ರಲ್ಲಿ ಜಗದ್ಗುರು ಹದಿನಾಲ್ಕನೇ ಬೆನೆಡಿಕ್ಟ್ ಅನುಮತಿ ಕೊಟ್ಟರು. 1967ರಲ್ಲಿ ಇದರ ಹೆಸರು ಕ್ರಿಶ್ಚಿಯನ್ ಲೈಫ್ ಕಮ್ಯುನಿಟಿ ಎಂದಾಯಿತು. ನೀಲಿ ರಿಬ್ಬನ್ನು, ಪದಕ ಅನೇಕ ಮನೆಗಳ ಪೆಟ್ಟಿಗೆಯಲ್ಲಿ ಇನ್ನೂ ಇರಬಹುದು. ಅಲ್ಲೂ ಮೊದಲು ಉಮೇದುವಾರಿಕೆಯ ಕಾಲ, ನಂತರ ಸಮರ್ಪಣೆ. ಆದರೆ ಸಮರ್ಪಣೆಯ ಮಾತುಗಳನ್ನು ಪೀಠದ ಮುಂದೆ, ಎಲ್ಲರಿಗೂ ಕೇಳುವಂತೆ ಹೇಳಬೇಕಿತ್ತು. ನಮ್ಮದರಲ್ಲೂ ಮೇಲು ಕೀಳು ಇರಲೇ ಇಲ್ಲವೆಂದು ಹೇಳಲಾರೆ. ಯೂರೋಪಿನಲ್ಲಿ ಗಣ್ಯರಿಗೊಂದು, ಕುಶಲಕರ್ಮಿಗಳಿಗೊಂದು ಸೊಡಾಲಿಟಿ ಇದ್ದ ಕಾಲವಿತ್ತು.

ಹುಬ್ಬಳ್ಳಿಯ ಆ ಮಗಳಿಗೆ ನಾನು ‘ಬೇಡ’ ಎಂದು ಬರೆಯಲಿಲ್ಲ. ಅಲ್ಲಿನ ಹಿರಿಯ ವಿದ್ಯಾರ್ಥಿನಿಯನ್ನು ನಾಲ್ಕು ವಿಷಯ ಕೇಳಲು ಹೇಳಿದೆ: ವರ್ಷದ ಒಟ್ಟು ಖರ್ಚೆಷ್ಟು, ನಡುವೆ ಬಿಡಬಹುದೇ, ಪ್ರಮಾಣದ ಮಾತುಗಳನ್ನು ಮೊದಲೇ ಓದಲು ಕೊಡುತ್ತಾರೆಯೇ, ಭಾನುವಾರ ಬೆಳಿಗ್ಗೆ ಕಾರ್ಯಕ್ರಮವಿದ್ದರೆ ಪೂಜೆಗೆ ಹೋಗಲು ಅಡ್ಡಿಯಿಲ್ಲವೇ. ಜೊತೆಗೆ ಕಾಲೇಜಿನ ಹತ್ತಿರದ ನ್ಯೂಮನ್ ಕೇಂದ್ರವನ್ನು ಹುಡುಕಲೂ ಹೇಳಿದೆ. 1893ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ಆರಂಭವಾದ ಈ ಕಥೋಲಿಕ ವಿದ್ಯಾರ್ಥಿ ಕೂಟಕ್ಕೆ ಆಯ್ಕೆಯೂ ಇಲ್ಲ, ಆಹ್ವಾನ ಪತ್ರವೂ ಬೇಕಿಲ್ಲ.

ಎರಡು ವಾರದ ನಂತರ ಅವಳ ಸಂದೇಶ ಬಂತು. ಖರ್ಚಿಗೆ, ಬಿಡುವುದಕ್ಕೆ, ಭಾನುವಾರಕ್ಕೆ ಸರಿಯಾದ ಉತ್ತರ ಸಿಕ್ಕಿತ್ತು. ಪ್ರಮಾಣದ ಬಗ್ಗೆ ಮಾತ್ರ “ಅದನ್ನು ಮೊದಲೇ ತೋರಿಸುವ ಹಾಗಿಲ್ಲ” ಎಂದಿದ್ದರಂತೆ. “ಮೊದಲ ಸೆಮಿಸ್ಟರ್ ಸುಮ್ಮನಿದ್ದು ನೋಡುತ್ತೇನೆ ಫಾದರ್. ಅಮ್ಮನಿಗೆ ನೀವೇ ಒಮ್ಮೆ ಫೋನ್ ಮಾಡಿ ಹೇಳಿ, ನಾನು ಹೇಳಿದರೆ ನಂಬುವುದಿಲ್ಲ” ಎಂದು ಬರೆದಿದ್ದಳು. ಅದೇ ಸಂಜೆ ಫೋನ್ ಮಾಡಿದೆ.